ಶನಿವಾರದ ಸೆಕೆಂಡುಗಳು

ಹೋದ ತಿಂಗಳು ನಾನು ಎಂಟನೇ ಕ್ಲಾಸಿನ ಹುಡುಗಿಯೊಬ್ಬಳನ್ನು ಖೋಖೋ ತಂಡದಿಂದ ಹೊರಗೆ ಹಾಕಿದೆ.

ಬಾಯಿಂದ ಒಂದು ಮಾತೂ ಆಡಲಿಲ್ಲ. ಕ್ಯಾಲ್ಕ್ಯುಲೇಟರಿನ ಗುಂಡಿ ಒತ್ತಿದೆ, ಅಷ್ಟೇ.

ನಿವೃತ್ತಿಯಾಗಿ ಹೊಲ, ಚಹಾ ಮತ್ತು ಈ ಅಂಕಣ ಇಷ್ಟರಲ್ಲೇ ದಿನ ಕಳೆಯುವ ಮನುಷ್ಯನಿಗೆ ಖೋಖೋ ತಂಡದ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನನ್ನ ಹೆಂಡತಿಯೂ ಅದನ್ನೇ ಕೇಳಿದಳು. ಉತ್ತರ ಒಂದೇ ಹೆಸರಿನದು: ಸವಿತಾ.

ಸವಿತಾ ನನ್ನ ತಂಗಿಯ ಮಗಳು. ನಮ್ಮೂರ ಹೈಸ್ಕೂಲಿನಲ್ಲಿ ಗಣಿತದ ಟೀಚರ್. (ನಮ್ಮೂರು ನವಲಗುಂದದಿಂದ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ದಾರಿಯಲ್ಲಿ ಡ್ರೈವರನಿಗೆ ಬೀಗರು ಯಾರಾದರೂ ಭೆಟ್ಟಿಯಾದರೆ ಮೂವತ್ತೈದು.) ಈ ವರ್ಷ ಅವಳಿಗೆ ಒಂದು ಹುಚ್ಚು ಹತ್ತಿತು. ದೊಡ್ಡ ಊರುಗಳಲ್ಲಿ ಮಕ್ಕಳ ಆಟವನ್ನು ಕಣ್ಣಂದಾಜಿನಲ್ಲಿ ಬಿಡುವುದಿಲ್ಲವಂತೆ. ಯಾರು ಎಷ್ಟು ಓಡಿದರು, ಎಷ್ಟು ಹೊತ್ತು ತಡೆದರು, ಎಲ್ಲವೂ ಅಂಕಿಯಲ್ಲಿ. ಆಮೇಲೆ ಆ ಅಂಕಿ ನೋಡಿ ಪ್ರತಿಭೆ ಯಾರಲ್ಲಿದೆ ಎಂದು ಹೇಳುತ್ತಾರಂತೆ. ನಮ್ಮ ಹುಡುಗಿಯರಿಗೆ ಯಾಕೆ ಆಗಬಾರದು?

ಕಂಪ್ಯೂಟರ್ ಬೇಡ, ಒಂದು ನೋಟ್‌ಬುಕ್ ಸಾಕು ಎಂದಳು. ನೋಟ್‌ಬುಕ್ಕಿಗೆ ಒಬ್ಬ ಮನುಷ್ಯ ಬೇಕು ಎಂದಳು. ಆಮೇಲೆ ನನ್ನ ಮುಖ ನೋಡಿದಳು.

"ಮಾಮಾ, ಮೂವತ್ತು ವರ್ಷ ಬಸ್ ಸ್ಟ್ಯಾಂಡಿನ್ಯಾಗ ಕಂಟ್ರೋಲರ್ ಆಗಿ ಕುಂತೀರಿ. ಟೈಮ್ ಬರಿಯೂದರಾಗ ನಿಮ್ಮಷ್ಟು ಗಟ್ಟಿ ಮನಶಾ ತಾಲೂಕಿನ್ಯಾಗ ಎಲ್ಲೆದಾನ ಹೇಳ್ರಿ."

ಹೊಗಳಿದರೆ ಕರಗದ ಮುದುಕ ಯಾವೂರಲ್ಲಿದ್ದಾನೆ? ಮರುದಿನ ಸಂಜೆ ನಾಲ್ಕೂವರೆಗೆ ಕುರ್ಚಿ ಹಾಕಿಕೊಂಡು ಶಾಲೆಯ ಹಿಂದಿನ ಮೈದಾನದಲ್ಲಿ ಕೂತೆ.

ಆ ಮೈದಾನಕ್ಕೆ ಒಬ್ಬ ರಾಜರಿದ್ದಾರೆ. ಹೊಸಮನಿ ಮಾಸ್ತರು. ಇಪ್ಪತ್ತೆರಡು ವರ್ಷದಿಂದ ಇದೇ ಶಾಲೆಯಲ್ಲಿ ಪಿ.ಇ. ಟೀಚರ್. ಅವರು ಮಕ್ಕಳನ್ನು ಆರಿಸುವ ರೀತಿಯನ್ನು ನೋಡಬೇಕು. ಬೇವಿನ ಗಿಡದ ಕೆಳಗೆ ನಿಂತು, ಸಿಳ್ಳೆಯನ್ನು ಬೆರಳಿಗೆ ಸುತ್ತುತ್ತ, ಹುಡುಗಿಯರ ನಿಲುವು, ಭುಜ, ಮೀನಖಂಡ ಎಲ್ಲವನ್ನೂ ಒಂದು ಸಲ ನೋಡುತ್ತಾರೆ. ನಮ್ಮ ಅಜ್ಜ ಸಂತೆಯಲ್ಲಿ ಎತ್ತು ಆರಿಸುವಾಗಲೂ ಹೀಗೇ ನೋಡುತ್ತಿದ್ದ. ಅಜ್ಜ ಹಲ್ಲನ್ನೂ ನೋಡುತ್ತಿದ್ದ, ಅಷ್ಟೇ ವ್ಯತ್ಯಾಸ.

ಸವಿತಾ ತನ್ನ ಯೋಜನೆ ಹೇಳಿದಾಗ ಮಾಸ್ತರು ಬೇಜಾರು ಮಾಡಿಕೊಳ್ಳಲಿಲ್ಲ. ನಕ್ಕರು.

"ಬರೀರಿ ಟೀಚರ್, ಬರೀರಿ. ಕಡೀಕ ನಿಮ್ಮ ಪುಸ್ತಕದಾಗೂ ನಾ ಆರಿಸಿದವ್ರ ಹೆಸರ ಬರ್ತಾವ."

ಖೋಖೋ ಮರೆತವರಿಗಾಗಿ ಎರಡು ಮಾತು. ಒಂದು ತಂಡದ ಎಂಟು ಜನ ಸಾಲಾಗಿ ಒಬ್ಬರ ಮುಖ ಆ ಕಡೆ, ಇನ್ನೊಬ್ಬರದು ಈ ಕಡೆ ಮಾಡಿ ಕೂರುತ್ತಾರೆ. ಒಂಬತ್ತನೆಯವಳು ಬೆನ್ನಟ್ಟುತ್ತಾಳೆ. ಸುಸ್ತಾದರೆ ಕೂತವಳ ಬೆನ್ನು ಮುಟ್ಟಿ 'ಖೋ' ಎನ್ನುತ್ತಾಳೆ, ಇವಳು ಕೂರುತ್ತಾಳೆ, ಅವಳು ಏಳುತ್ತಾಳೆ. ಎದುರಿನ ತಂಡದ ಒಂಬತ್ತು ಮಂದಿ ತಪ್ಪಿಸಿಕೊಂಡು ಓಡಬೇಕು. ಎಲ್ಲರೂ ಒಮ್ಮೆಲೇ ಅಲ್ಲ, ಮೂವರು ಮೂವರ ಬ್ಯಾಚಿನಲ್ಲಿ. ಮೊದಲ ಮೂವರು ಔಟಾದ ಮೇಲೆ ಎರಡನೇ ಮೂವರು, ಅವರಾದ ಮೇಲೆ ಮೂರನೇ ಮೂವರು. ನಮ್ಮ ಪ್ರ್ಯಾಕ್ಟೀಸಿನಲ್ಲಿ ಒಂದು ಪಾಳಿ ನಾಲ್ಕು ನಿಮಿಷ.

ಹಾಗಾದರೆ ಓಟಗಾರ್ತಿಯನ್ನು ಅಳೆಯುವುದು ಹೇಗೆ? ಬಲು ಸುಲಭ. ಒಳಗೆ ಬಂದ ಮೇಲೆ ಎಷ್ಟು ಸೆಕೆಂಡು ತಡೆದಳು? ಬಸ್ಸು ಎಷ್ಟಕ್ಕೆ ಬಂತು, ಎಷ್ಟಕ್ಕೆ ಹೊರಟಿತು. ನನ್ನದೇ ಕೆಲಸ!

ಪ್ರ್ಯಾಕ್ಟೀಸಿಗೆ ಬರುತ್ತಿದ್ದವರು ಹದಿನೆಂಟು ಹುಡುಗಿಯರು. ತಾಲೂಕಿಗೆ ಹೋಗುವ ತಂಡಕ್ಕೆ ಬೇಕಾದವರು ಹನ್ನೆರಡು. ಮೂರು ವಾರ ನಾನು ಫೋನಿನ ಸ್ಟಾಪ್‌ವಾಚ್ ಹಿಡಿದು ಬರೆದೆ. ನನ್ನ ಪಕ್ಕದಲ್ಲಿ ಸವಿತಾ ಪ್ರತಿಯೊಬ್ಬಳ ಹೆಸರಿನ ಮುಂದೆ ಮನೆ ಕೊರೆದು ಕೊಡುತ್ತಿದ್ದಳು. ನನ್ನ ಅಕ್ಷರ ಬಸ್ ಸ್ಟ್ಯಾಂಡಿನಲ್ಲಿ ಇದ್ದುದಕ್ಕಿಂತ ದುಂಡಗಾಯಿತು.

ಆ ಹದಿನೆಂಟರಲ್ಲಿ ಇಬ್ಬರ ಹೆಸರು ನಿಮಗೆ ಗೊತ್ತಿರಲಿ.

ಒಬ್ಬಳು ತ್ರಿವೇಣಿ. ಹತ್ತನೇ ಕ್ಲಾಸು. ಎತ್ತರ, ಉದ್ದ ಕಾಲು. ಮಾಸ್ತರ ಕಣ್ಣಿನ ಪ್ರಕಾರ ಹುಟ್ಟು ಆಟಗಾರ್ತಿ.

ಇನ್ನೊಬ್ಬಳು ಮುಸ್ಕಾನ್. ಎಂಟನೇ ಕ್ಲಾಸು. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವಷ್ಟು ಗಿಡ್ಡಿ. ಅಪ್ಪ ಟಂಟಂ ರಿಕ್ಷಾ ಓಡಿಸುತ್ತಾನೆ, ತಾಯಿ ಹಸೀನಾ ದಿನವೂ ಬಸ್ಸಿಗೆ ನವಲಗುಂದಕ್ಕೆ ಹೋಗಿ ಜಮಖಾನೆ ನೇಯುತ್ತಾಳೆ. ಮುಸ್ಕಾನ್ ಔಟಾದ ಕೂಡಲೇ ಏದುಸಿರು ಬಿಡುತ್ತ ನನ್ನ ಕುರ್ಚಿಗೆ ಬಂದು ನೋಟ್‌ಬುಕ್ಕಿನಲ್ಲಿ ಇಣುಕುತ್ತಿದ್ದಳು.

"ಕಾಕಾ, ನಂದು ಎಷ್ಟಾತ್ರಿ?"

"ಹತ್ತೊಂಬತ್ತು."

"ನಿನ್ನೆ ಇಪ್ಪತ್ತೊಂದಿತ್ತಲ್ರಿ. ಹೋಗ್ಲಿ ಬಿಡ್ರಿ, ನಾಳೆ ನೋಡೂಣು."

ಇಷ್ಟೊಂದು ಆಸೆ ಯಾಕೆ ಎಂದು ಒಮ್ಮೆ ಕೇಳಿದೆ. ತಾಲೂಕಿನ ಆಟ ನೋಡಲು ಕ್ರೀಡಾ ಹಾಸ್ಟೆಲಿನ ಕೋಚ್ ಒಬ್ಬರು ಬರುತ್ತಾರೆ, ಎಂಟನೇ ಕ್ಲಾಸಿನ ಮಕ್ಕಳನ್ನೇ ಆರಿಸುತ್ತಾರೆ, ಮುಂದಿನ ವರ್ಷ ಬಂದರೆ ತನಗೆ ವಯಸ್ಸು ಮೀರಿರುತ್ತದೆ ಎಂದು ಒಂದೇ ಉಸಿರಿನಲ್ಲಿ ಹೇಳಿದಳು. ಅಲ್ಲಿ ಏನೇನು ಕೊಡುತ್ತಾರೆ ಎನ್ನುವುದೂ ಅವಳಿಗೆ ಬಾಯಿಪಾಠ.

"ಎರಡ ಜೋಡಿ ಶೂಸ್ ಕೊಡ್ತಾರಂತ್ರಿ. ದಿನಾ ಮುಂಜಾನೆ ಎರಡ ತತ್ತಿ. ಮತ್ತ ಅಲ್ಲಿ ಮ್ಯಾಟ್ ಮ್ಯಾಲ ಆಡ್ತಾರಂತ, ಬಿದ್ರ ಮೊಣಕಾಲ ಕೆತ್ತೂದಿಲ್ಲಂತ."

ಎರಿ ಮಣ್ಣಿನ ನೆಲದಲ್ಲಿ ಬಿದ್ದೆದ್ದ ಅವಳ ಮೊಣಕಾಲುಗಳನ್ನು ನೋಡಿದರೆ ಮ್ಯಾಟಿನ ಆಸೆ ಯಾಕೆಂದು ಯಾರಿಗೂ ತಿಳಿಯುತ್ತಿತ್ತು.

ಆದರೆ ಅಂಕಿಗೆ ಮೊಣಕಾಲು ಕಾಣುವುದಿಲ್ಲ. ಮುಸ್ಕಾನಳ ಸೆಕೆಂಡುಗಳು ಇಪ್ಪತ್ತರ ಆಸುಪಾಸಿನಲ್ಲೇ ಸುತ್ತುತ್ತಿದ್ದವು. ತ್ರಿವೇಣಿಯವು ಐವತ್ತು ದಾಟುತ್ತಿದ್ದವು. ಎಷ್ಟೋ ದಿನ ನಾಲ್ಕು ನಿಮಿಷದ ಸಿಳ್ಳೆ ಹೊಡೆದಾಗಲೂ ತ್ರಿವೇಣಿ ಔಟಾಗದೆ ಸೊಂಟಕ್ಕೆ ಕೈಯಿಟ್ಟು ನಿಂತಿರುತ್ತಿದ್ದಳು. ಮಾಸ್ತರು ನನ್ನ ಕಡೆ ನೋಡಿ ಹುಬ್ಬು ಹಾರಿಸುತ್ತಿದ್ದರು.

ತೊಂದರೆ ಕೊಟ್ಟದ್ದು ಶನಿವಾರ.

ಶನಿವಾರ ಮುಂಜಾನೆ ಶಾಲೆ. ಸಾಮೂಹಿಕ ಕವಾಯತು ಮುಗಿದ ಕೂಡಲೇ ಖೋಖೋ. ಅವತ್ತು ಮಾತ್ರ ನನ್ನ ನೋಟ್‌ಬುಕ್ ತಲೆಕೆಳಗಾಗುತ್ತಿತ್ತು. ಎತ್ತರದ ಹುಡುಗಿಯರು ಬೇಗ ಔಟು. ಗಿಡ್ಡಿಯರು ಓಡಿದ್ದೇ ಓಡಿದ್ದು. ಮೊದಲ ಶನಿವಾರ ಮುಸ್ಕಾನ್ ಐವತ್ತೆಂಟು ಸೆಕೆಂಡು ತಡೆದಳು. ಎರಡನೇ ಶನಿವಾರ ಔಟೇ ಆಗಲಿಲ್ಲ.

ಮೂವತ್ತು ವರ್ಷ ಬಸ್ಸಿನ ಸಮಯ ಬರೆದವನಿಗೆ ಇಂಥ ದಿನಗಳನ್ನು ಏನು ಮಾಡಬೇಕೆಂದು ಗೊತ್ತಿರುತ್ತದೆ. ಸಂತೆಯ ದಿನ ಎಲ್ಲ ಬಸ್ಸುಗಳೂ ತಡ. ಬುಟ್ಟಿ ಏರಬೇಕು, ಕೋಳಿ ಏರಬೇಕು, ಕೋಳಿಗೆ ಟಿಕೆಟ್ಟಿದೆಯೋ ಇಲ್ಲವೋ ಎಂಬ ಜಗಳ ಮುಗಿಯಬೇಕು. ಅದನ್ನೆಲ್ಲ ಸೇರಿಸಿ ತಿಂಗಳ ಸರಾಸರಿ ತೆಗೆದರೆ ಮೇಲಿನವರು ಬೈಯುತ್ತಾರೆ. ಹಾಗಾಗಿ ಸಂತೆಯ ದಿನವನ್ನು ಬಿಟ್ಟು ಸರಾಸರಿ ತೆಗೆಯುವುದು ನನ್ನ ರೂಢಿ. ಯಾರೂ ಒಮ್ಮೆಯೂ ತಕರಾರು ಮಾಡಿರಲಿಲ್ಲ.

ಶನಿವಾರವೂ ಹಾಗೇ ಎಂದುಕೊಂಡೆ. ಮುಂಜಾನೆಯ ತಂಪು, ಖಾಲಿ ಹೊಟ್ಟೆ, ಏನೋ ಒಂದು. ಕೆಂಪು ಪೆನ್ನು ತೆಗೆದು ಮೂರೂ ಶನಿವಾರಗಳ ಮೇಲೆ ಉದ್ದಕ್ಕೆ ಗೆರೆ ಎಳೆದೆ. ಸವಿತಾ ಒಮ್ಮೆ "ಹಂಗ್ಯಾಕ ಮಾಮಾ?" ಎಂದಳು. "ಅದು ಲೆಕ್ಕಕ್ಕ ಬರೂ ದಿನ ಅಲ್ಲವ್ವಾ" ಎಂದೆ. ಅನುಭವಸ್ಥನ ದನಿ ಬಂದರೆ ಗಣಿತದವರೂ ಸುಮ್ಮನಾಗುತ್ತಾರೆ, ನೋಡಿ.

ಸರಾಸರಿ ತೆಗೆದೆವು. ಹೆಸರುಗಳನ್ನು ಒಂದರ ಕೆಳಗೊಂದು ಬರೆದೆವು. ಮೊದಲು ತ್ರಿವೇಣಿ. ಹನ್ನೆರಡರ ಕೆಳಗೆ ಸ್ಕೇಲು ಇಟ್ಟು ಗೆರೆ. ಗೆರೆಯ ಕೆಳಗೆ ಮೊದಲ ಹೆಸರು, ಹದಿಮೂರನೆಯದು, ಮುಸ್ಕಾನ್.

ಮಾಸ್ತರು ಪಟ್ಟಿ ನೋಡಿದರು. ತಮ್ಮ ಕಿಸೆಯಿಂದ ಒಂದು ಚೀಟಿ ತೆಗೆದರು. ಮೂರು ವಾರದ ಹಿಂದೆಯೇ ಕಣ್ಣಂದಾಜಿನಲ್ಲಿ ಬರೆದಿಟ್ಟಿದ್ದ ಹನ್ನೆರಡು ಹೆಸರು. ಹನ್ನೊಂದು ಹೊಂದಿಕೆಯಾದವು.

"ಮೂರ ವಾರ ಕುರ್ಚಿ ಸವಿಸಿದ್ರಲ್ಲ ಕಾಕಾ" ಎಂದು ನಕ್ಕರು. ಅಂದು ಚಹಾ ಅವರದೇ. ಕಣ್ಣು ಗೆದ್ದಿತ್ತು, ಅಂಕಿಯೂ ಗೆದ್ದಿತ್ತು. ಎಲ್ಲರಿಗೂ ಖುಷಿ. ಸವಿತಾಳಿಗೆ ಮಾತ್ರ ಸ್ವಲ್ಪ ಸಪ್ಪೆ. ಅಂಕಿ ಏನಾದರೂ ಹೊಸದನ್ನು ಹೇಳುತ್ತದೆ ಎಂದು ಕಾದಿದ್ದಳು ಪಾಪ.

ಪಟ್ಟಿ ನೋಟೀಸ್ ಬೋರ್ಡಿಗೆ ಹೋಯಿತು. ತಾಲೂಕಿಗೆ ಹೆಸರು ಕಳಿಸಲು ಇನ್ನೂ ಹತ್ತು ದಿನವಿತ್ತು. ಮುಸ್ಕಾನ್ ಬಂದು ಬೆರಳಿಟ್ಟು ಮೇಲಿನಿಂದ ಎಣಿಸಿದಳು. ಗೆರೆಯ ಹತ್ತಿರ ಬೆರಳು ನಿಂತಿತು.

"ಹದಿಮೂರಕ್ಕ ಏನೂ ಇಲ್ಲೇನ್ರಿ ಕಾಕಾ?"

"ಇಲ್ಲವ್ವಾ" ಎಂದೆ.

ಸೆಕೆಂಡು ಎಷ್ಟೆಂದು ಅವತ್ತು ಅವಳು ಕೇಳಲಿಲ್ಲ. ಮರುದಿನ ಮೈದಾನಕ್ಕೂ ಬರಲಿಲ್ಲ.

ನಾನು ನೆಮ್ಮದಿಯಾಗಿದ್ದೆ ಎಂದು ಹೇಳಿದರೆ ನಂಬುತ್ತೀರಾ? ನಿಜಕ್ಕೂ ಇದ್ದೆ. ಯಾಕೆಂದರೆ ನಾನೇನು ಮಾಡಿದ್ದೆ? ಲೆಕ್ಕ ಮಾಡಿದ್ದೆ. ಲೆಕ್ಕಕ್ಕೆ ಕರುಳಿಲ್ಲ, ಹೀಗಾಗಿ ಲೆಕ್ಕ ಮಾಡಿದವನಿಗೂ ಸಂಕಟವಿಲ್ಲ. ಇದೊಂದು ದೊಡ್ಡ ಅನುಕೂಲ. ಕಣ್ಣಂದಾಜಿನಲ್ಲಿ ಬಿಟ್ಟರೆ ಹುಡುಗಿಯ ಮುಖ ನೋಡಲು ನಾಚಿಕೆಯಾಗುತ್ತದೆ. ಸರಾಸರಿಯಲ್ಲಿ ಬಿಟ್ಟರೆ ಸರಾಸರಿಯತ್ತ ಕೈ ತೋರಿಸಿ ಮನೆಗೆ ಹೋಗಬಹುದು.

ಎರಡು ದಿನದ ನಂತರ ಮುಂಜಾನೆ ಬಸ್ಸಿನ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತಿದ್ದೆ. ಹಸೀನಾ ಬಂದಳು. ಕೈಯಲ್ಲಿ ಬುತ್ತಿಯ ಚೀಲ.  ಜಗಳಕ್ಕೆ ಬಂದಳೋ?

ಜಗಳವಿಲ್ಲ. ಮಗಳು ಎರಡು ದಿನದಿಂದ ಸರಿಯಾಗಿ ಉಂಡಿಲ್ಲ, ಆದರೆ ತಪ್ಪು ಯಾರದ್ದೂ ಅಲ್ಲ ಎಂದಳು. ಅಂಕಿಯಲ್ಲಿ ಬಂದದ್ದು ಬಂದಂತೆ ಇರಬೇಕಲ್ಲ ಎಂದೂ ಅವಳೇ ಹೇಳಿದಳು. ನನಗೆ ಸಮಾಧಾನ ಹೇಳುವವಳ ಹಾಗೆ. ಬಸ್ಸು ದೂರದಲ್ಲಿ ಕಾಣಿಸಿತು. ಅವಳು ಚೀಲವನ್ನು ಹೆಗಲಿಗೆ ಏರಿಸಿ, ಏನೋ ನೆನಪಾದವಳಂತೆ ತಿರುಗಿದಳು.

"ಒಂದ ಮಾತ ಕೇಳ್ಲೇನ್ರಿ ಕಾಕಾ? ಶನಿವಾರ ನೀವು ಬ್ಯಾರೆ ಆಟ ಆಡಸ್ತೀರೇನು?"

"ಇಲ್ಲವ್ವಾ, ಅದ ಖೋಖೋ. ಯಾಕ?"

"ಏನಿಲ್ರಿ. ಬಾಕಿ ದಿನ ಮಾರಿ ಸಣ್ಣ ಮಾಡ್ಕೊಂಡ ಬರ್ತಿದ್ಲು. ಶನಿವಾರ ಅಷ್ಟ ಕುಣಕೋಂತ ಬರ್ತಿದ್ಲು. ಅದಕ್ಕ ಕೇಳ್ದೆ."

ಬಸ್ಸು ಬಂತು, ಅವಳು ಹತ್ತಿದಳು. ನಾನು ಪೇಪರಿನ ಅದೇ ಸಾಲನ್ನು ನಾಲ್ಕು ಸಲ ಓದಿದೆ.

ಮನೆಗೆ ಬಂದು ನೋಟ್‌ಬುಕ್ ತೆಗೆದೆ. ಕೆಂಪು ಗೆರೆಯ ಕೆಳಗೆ ಶನಿವಾರದ ಅಂಕಿಗಳು ಜೀವಂತವಾಗಿಯೇ ಇದ್ದವು. ಮೂರು ಶನಿವಾರ, ಮೂರಕ್ಕೆ ಮೂರೂ ತಲೆಕೆಳಗು. ತಂಪಿಗೆ ಎಲ್ಲರೂ ಚೆನ್ನಾಗಿ ಓಡಬೇಕಿತ್ತು. ಖಾಲಿ ಹೊಟ್ಟೆಗೆ ಎಲ್ಲರೂ ಸೋಲಬೇಕಿತ್ತು. ಗಿಡ್ಡಿಯರಿಗೆ ಒಂದು ತಂಪು, ಎತ್ತರದವರಿಗೆ ಇನ್ನೊಂದು ತಂಪು ಇರುತ್ತದೆಯೇ? ಇದನ್ನು ಕೇಳಿಕೊಳ್ಳಲು ನನಗೆ ಮೂರು ವಾರ ಬೇಕಾಗಿರಲಿಲ್ಲ. ಮೂರು ನಿಮಿಷ ಸಾಕಿತ್ತು.

ಮುಂದಿನ ಶನಿವಾರ ನಾನು ಮೈದಾನಕ್ಕೆ ಹೋಗಲಿಲ್ಲ. (ಅಲ್ಲಿಯವರೆಗೆ ನಾನು ಹಿಂದಿನ ಗೇಟಿನಿಂದ ಬಂದು ನೇರ ಕುರ್ಚಿಗೆ ಹೋಗುತ್ತಿದ್ದವನು.) ಮುಂದಿನ ಗೇಟಿನಲ್ಲಿ ನಿಂತು ಕವಾಯತು ನೋಡಿದೆ.

ಎಲ್ಲ ಶಾಲೆಗಳಲ್ಲಿ ಇದ್ದಂತೆಯೇ. ಧ್ವಜಕಂಬದ ಎದುರಿಗೆ ಸಾಲು. ಗಿಡ್ಡರು ಮುಂದೆ, ಎತ್ತರದವರು ಹಿಂದೆ. ನಾನೂ ಹಾಗೆ ನಿಂತವನು, ನೀವೂ ಹಾಗೆ ನಿಂತವರು. ಯಾರಿಗೆ ಅದರ ಮೇಲೆ ಗಮನ ಇರುತ್ತದೆ? ಮಾಸ್ತರು ಮೈಕಿನಲ್ಲಿ ಒಂದು ಎರಡು ಎಂದರು, ಕೈಗಳು ಮೇಲೆ ಹೋದವು, ಕೆಳಗೆ ಬಂದವು. ಕವಾಯತು ಮುಗಿಯಿತು. ಮೈದಾನ ಇರುವುದು ಹಿಂದೆ. ಮಾಸ್ತರು ಆಜ್ಞೆ ಕೊಟ್ಟರು.

"ಹಿಂದೆ ತಿರುಗ್!"

ಎಲ್ಲರೂ ನಿಂತಲ್ಲೇ ತಿರುಗಿದರು. ಹಿಂದಿನವರು ಮುಂದಾದರು. ತ್ರಿವೇಣಿ ಮೊದಲಿಗಳು, ಮುಸ್ಕಾನ್ ನಿಲ್ಲುತ್ತಿದ್ದ ಗಿಡ್ಡಿಯರ ಗುಂಪು ಕೊನೆಗೆ. ಹಾಗೆಯೇ ಸಾಲಾಗಿ ಮೈದಾನಕ್ಕೆ ನಡೆದರು. ಅವರು ಬಂದ ಸಾಲಿನಲ್ಲೇ ಮಾಸ್ತರು ಒಬ್ಬರನ್ನು ಬಿಟ್ಟು ಒಬ್ಬರನ್ನು ಎಣಿಸಿ ಎರಡು ತಂಡ ಮಾಡಿದರು. ಬಂದ ಸಾಲಿನಲ್ಲೇ ಮೂವರು ಮೂವರನ್ನು ಒಳಗೆ ಬಿಟ್ಟರು.

ಉಳಿದ ದಿನ? ಉಳಿದ ದಿನ ಸಂಜೆ ಜನಗಣಮನ ಮುಗಿದ ಮೇಲೆ ಸಾಲು ಮುಂದಿನಿಂದ ಬಿಚ್ಚಿಕೊಂಡು ಪಕ್ಕದ ಓಣಿಯಿಂದ ಮೈದಾನಕ್ಕೆ ಬರುತ್ತದೆ. ಗಿಡ್ಡಿಯರು ಮೊದಲು. ಮೊದಲ ಮೂವರು ಯಾವಾಗಲೂ ಅವರೇ. ಅವರನ್ನು ಬೆನ್ನಟ್ಟುವವರು ಆಗತಾನೆ ಕ್ಲಾಸಿನಿಂದ ಎದ್ದು ಬಂದ, ಕಾಲಲ್ಲಿ ಕಸುವು ತುಂಬಿದ ಒಂಬತ್ತು ಮಂದಿ. ಮೂರು ನಿಮಿಷದ ಮೇಲೆ ಬೆನ್ನಟ್ಟುವವರಿಗೆ ಏದುಸಿರು ಬಂದು, ಪಕ್ಕೆ ಹಿಡಿದುಕೊಂಡು, ಖೋ ಎನ್ನಲೂ ಉಸಿರಿಲ್ಲದಾಗ ಒಳಗೆ ಬರುವವಳು ಯಾರು? ತ್ರಿವೇಣಿ.

ಮೂರು ವಾರ ನಾನು ಅಳೆದದ್ದು ಹುಡುಗಿಯರನ್ನಲ್ಲ. ಪ್ರಾರ್ಥನೆಯ ಸಾಲನ್ನು.

ಸವಿತಾಳನ್ನು ಕರೆದು ಹೇಳಿದೆ. ಅವಳು ನೋಟ್‌ಬುಕ್ ನೋಡಿದಳು, ಕೆಂಪು ಗೆರೆ ನೋಡಿದಳು, ನನ್ನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಸ್ಟಾಫ್ ರೂಮಿನ ಬಾಗಿಲು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

"ಮಾಮಾ, ಹದಿನೆಂಟ ದಿನದಾಗ ಖರೇ ಹೇಳಿದ್ದು ಮೂರ ದಿನ. ಆ ಮೂರನ್ನ ನೀವು ಹೊಡದ ಹಾಕೀರಿ."

ನಗು ನಿಂತ ಮೇಲೆ ಅವಳೇ ತಿದ್ದಿದಳು. ಆ ಮೂರು ದಿನವೂ ಖರೇ ಅಲ್ಲ, ಅವತ್ತು ಎತ್ತರದವರಿಗೆ ಅನ್ಯಾಯ. ಒಟ್ಟಿನಲ್ಲಿ ಪುಸ್ತಕ ತುಂಬಾ ಬರೆದದ್ದು ಯಾರಿಗೂ ಪೂರ್ತಿ ನ್ಯಾಯವಲ್ಲ. ಆದರೆ ಎರಡು ಕಡೆಯ ಅನ್ಯಾಯವೂ ಪುಸ್ತಕದಲ್ಲಿದ್ದಿದ್ದರೆ ಯಾರಾದರೂ ಒಬ್ಬರು ಕೇಳುತ್ತಿದ್ದರು. ನಾನು ಒಂದನ್ನು ಅಳಿಸಿ ಇನ್ನೊಂದನ್ನು ಚೊಕ್ಕ ಮಾಡಿ ಬೋರ್ಡಿಗೆ ಹಚ್ಚಿದ್ದೆ.

ಮಾಸ್ತರಿಗೆ ಹೇಳುವುದು ಸುಲಭವಾಗಿರಲಿಲ್ಲ. ಮೊದಲು ಒಪ್ಪಲಿಲ್ಲ. ನೋಟ್‌ಬುಕ್ಕಿನ ತಪ್ಪು ನೋಟ್‌ಬುಕ್ಕಿನದು, ತಮ್ಮ ಕಣ್ಣಿಗೆ ಇಪ್ಪತ್ತೆರಡು ವರ್ಷದ ಅನುಭವವಿದೆ ಎಂದರು. ಸವಿತಾ ಮೆಲ್ಲಗೆ ಕೇಳಿದಳು.

"ಸರ್, ಆ ಇಪ್ಪತ್ತೆರಡು ವರ್ಷನೂ ಹುಡುಗ್ಯಾರು ಇದ ಸಾಲಿನ್ಯಾಗ ಮೈದಾನಕ್ಕ ಬಂದಾರಲ್ರಿ?"

ಮಾಸ್ತರು ಬೆರಳಿಗೆ ಸುತ್ತುತ್ತಿದ್ದ ಸಿಳ್ಳೆಯ ದಾರ ನಿಂತಿತು.  ಆಮೇಲೆ, ಯಾರು ಮೊದಲ ಒಳಗ ಅನ್ನೂದಕ್ಕ ಚೀಟಿ ಎತ್ತೂಣು ಅಂದರು. ಅಷ್ಟೇ. ಮುಂದೆ ವಾದ ಇಲ್ಲ, ವಿವರಣೆ ಇಲ್ಲ. ದೊಡ್ಡ ಮನುಷ್ಯರು ಸೋಲೊಪ್ಪುವ ರೀತಿ ಇದು ಎಂದು ನಾನು ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ. (ನನ್ನ ತಪ್ಪು ಒಪ್ಪಿಕೊಳ್ಳಲು ನನಗೆ ಎರಡು ಕಪ್ ಚಹಾ ಬೇಕಾಗಿತ್ತು.)

ನೋಟೀಸ್ ಬೋರ್ಡಿನ ಪಟ್ಟಿ ಇಳಿಯಿತು. ಮುಸ್ಕಾನಳನ್ನು ಕರೆಯಲು ನಾನೇ ಅವಳ ಮನೆಗೆ ಹೋದೆ. ಬಾಗಿಲಲ್ಲಿ ನಿಂತು, ಲೆಕ್ಕದಲ್ಲಿ ನನ್ನದು ತಪ್ಪಾಗಿದೆ, ಮತ್ತೆ ಆಡಬೇಕು, ಆದರೆ ತಂಡದಲ್ಲಿ ಸಿಕ್ಕೇ ಸಿಗುತ್ತದೆ ಎಂಬ ಭರವಸೆ ಇಲ್ಲ ಎಂದೆ. ಅವಳು ಅದಾಗಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಮೈದಾನದ ದಾರಿ ಹಿಡಿದಿದ್ದಳು. ನನ್ನ ಮಾತಿನ ಉತ್ತರಾರ್ಧವನ್ನು ಅವಳ ಮನೆಯ ಆಡು ಕೇಳಿಸಿಕೊಂಡಿತು.

ಮುಂದಿನ ನಾಲ್ಕು ದಿನವೂ ಸ್ಟೀಲಿನ ಡಬ್ಬಿಯಿಂದ ಚೀಟಿ ಎತ್ತಿಯೇ ಮೂವರು ಮೂವರನ್ನು ಒಳಗೆ ಬಿಟ್ಟೆವು. ಒಮ್ಮೆ ಮೊದಲು, ಒಮ್ಮೆ ನಡುವೆ, ಒಮ್ಮೆ ಕೊನೆಗೆ. ನಾನು ಕೆಂಪು ಪೆನ್ನನ್ನು ಮನೆಯಲ್ಲೇ ಬಿಟ್ಟು ಬರುತ್ತಿದ್ದೆ.

ಮುಸ್ಕಾನ್ ಐದನೆಯವಳಾದಳು.

ಸಿನಿಮಾ ಆಗಿದ್ದರೆ ಮೊದಲನೆಯವಳಾಗುತ್ತಿದ್ದಳು. ಐದನೆಯದು ಸಾಕು. ಕೂತವರ ಸಾಲಿನ ತುದಿಗಿರುವ ಕಂಬದ ಹತ್ತಿರ ಅವಳು ಬಾಗಿ ತಿರುಗುವಾಗ ಉದ್ದ ಕೈಗಳು ಅವಳ ತಲೆಯ ಮೇಲೆ ಗಾಳಿಯನ್ನು ಮುಟ್ಟಿ ಹೋಗುತ್ತಿದ್ದವು. ಇದು ಮೊದಲೂ ನಡೆಯುತ್ತಿತ್ತೇ? ನಡೆಯುತ್ತಿತ್ತು. ನಾನು ಸ್ಟಾಪ್‌ವಾಚ್ ನೋಡುತ್ತಿದ್ದೆ, ಮಾಸ್ತರು ಮೀನಖಂಡ ನೋಡುತ್ತಿದ್ದರು.

ಆದರೆ ತ್ರಿವೇಣಿ ಹದಿನಾಲ್ಕಕ್ಕೆ ಇಳಿದಳು. ಈಗ ಅಳುವ ಸರದಿ ಅವಳದು. ಅಂಕಿ ಹೇಳಿತು, ಮುಗಿಯಿತು ಎನ್ನಲು ನಾನು ಬಾಯಿ ತೆರೆದೆ. (ಮನುಷ್ಯ ಎಷ್ಟು ಬೇಗ ಮರೆಯುತ್ತಾನೆ.) ಮಾಸ್ತರು ಕೈ ಅಡ್ಡ ಹಿಡಿದರು.

"ನಿಲ್ರಿ ಕಾಕಾ. ನೀವು ಬರೇ ಓಡೂದನ್ನ ಬರೀತೀರಿ. ಹಿಡಿಯೂದನ್ನ ಯಾರ ಬರಿಯೂದು?"

ಹೌದಲ್ಲ! ಖೋಖೋದಲ್ಲಿ ಅರ್ಧ ಆಟ ತಪ್ಪಿಸಿಕೊಳ್ಳುವುದು, ಅರ್ಧ ಆಟ ಹಿಡಿಯುವುದು. ಮೂರು ವಾರ ನಾವು ಅರ್ಧ ಆಟಕ್ಕೆ ಕಣ್ಣು ಮುಚ್ಚಿ ಕೂತಿದ್ದೆವು. ಎರಡು ದಿನ ಹಿಡಿದವರ ಹೆಸರನ್ನೂ ಬರೆದೆ. ತ್ರಿವೇಣಿ ಉಳಿದೆಲ್ಲರಿಗಿಂತ ಮುಂದೆ. ಉದ್ದ ಕಾಲಿನ ಉಪಯೋಗ ಅಲ್ಲಿತ್ತು. ಅದನ್ನು ಕಂಡದ್ದು ಪುಸ್ತಕವಲ್ಲ, ಬೇವಿನ ಗಿಡದ ಕೆಳಗಿನ ಕಣ್ಣೇ. ಅಂದು ಮಾಸ್ತರು ಹುಬ್ಬು ಹಾರಿಸಲಿಲ್ಲ. ಅದೂ ಒಂದು ದೊಡ್ಡತನ.

ಕೊನೆಗೆ ಹೊಸ ಪಟ್ಟಿಯಲ್ಲಿ ಇಬ್ಬರು ಹೊರಗೆ ಹೋದರು, ಇಬ್ಬರು ಒಳಗೆ ಬಂದರು. ಹೊರಗೆ ಹೋದವರಲ್ಲಿ ಒಬ್ಬಳು ಎರಡು ದಿನ ನನ್ನನ್ನು ಮಾತಾಡಿಸಲಿಲ್ಲ. ಮೂರನೇ ದಿನ ಬಂದು, ಹಿಡಿದವರ ಲೆಕ್ಕವನ್ನು ತಾನು ಬರೆಯುತ್ತೇನೆ, ನಿಮಗೆ ಎರಡನ್ನೂ ಒಟ್ಟಿಗೆ ನೋಡಲು ಬರುವುದಿಲ್ಲ ಎಂದಳು. ಬೈಗುಳವೋ ಸಹಾಯವೋ ತಿಳಿಯಲಿಲ್ಲ. ಪೆನ್ನು ಕೊಟ್ಟೆ.

ತಾಲೂಕಿನ ಆಟ ನವಲಗುಂದದಲ್ಲಿ ನಡೆಯಿತು. ನಮ್ಮ ಹುಡುಗಿಯರು ಎರಡು ಪಂದ್ಯ ಗೆದ್ದರು, ಫೈನಲ್ಲಿನಲ್ಲಿ ಒಂದೇ ಪಾಯಿಂಟಿನಿಂದ ಸೋತರು. ಹಾಸ್ಟೆಲಿನ ಕೋಚ್ ಬಂದಿದ್ದರು. ಟೋಪಿ ಹಾಕಿದ, ಕಡಿಮೆ ಮಾತಿನ ಹೆಣ್ಣುಮಗಳು. ಕೈಯಲ್ಲಿ ಅಳತೆಯ ಟೇಪು. ಮುಸ್ಕಾನಳನ್ನು ಕರೆದು ನಿಲ್ಲಿಸಿ ಎತ್ತರ ಅಳೆದರು, ತುಟಿ ಒಂದಿಷ್ಟು ಸೊಟ್ಟ ಮಾಡಿದರು.  ಸವಿತಾ ಓಡಿಹೋಗಿ ನೋಟ್‌ಬುಕ್ ಮುಂದೆ ಹಿಡಿದಳು. ಇಷ್ಟು ಸೆಕೆಂಡು, ಇಷ್ಟು ದಿನದ ಸರಾಸರಿ ಎಂದಳು.

ಕೋಚ್ ಪುಸ್ತಕ ನೋಡದೆ ಒಂದೇ ಪ್ರಶ್ನೆ ಕೇಳಿದರು.

"ಎಷ್ಟನೇ ಬ್ಯಾಚಿನಲ್ಲಿ?"

ನೋಡಿ, ನಮಗೆ ಒಂದು ತಿಂಗಳು ಬೇಕಾದ ಪ್ರಶ್ನೆ! ಮೂರೂ ಬ್ಯಾಚಿನಲ್ಲಿ, ಚೀಟಿ ಎತ್ತಿ ಎಂದು ಸವಿತಾ ಹೇಳಿದಳು. ಆಗ ಕೋಚ್ ಪುಸ್ತಕ ಇಸಿದುಕೊಂಡರು. ಪುಟದ ಫೋಟೋ ತೆಗೆದುಕೊಂಡರು. ಟೇಪನ್ನು ಮಡಚಿ ಕಿಸೆಗೆ ಹಾಕಿ, ಮುಂದಿನ ತಿಂಗಳ ಆಯ್ಕೆ ಶಿಬಿರಕ್ಕೆ ಕಳಿಸಿ ಎಂದು ಮುಸ್ಕಾನಳ ಹೆಸರು ಬರೆದುಕೊಂಡರು. ಶೂಸು, ತತ್ತಿ, ಮ್ಯಾಟು ಸಿಗುತ್ತವೋ ಇಲ್ಲವೋ ಇನ್ನೂ ಗೊತ್ತಿಲ್ಲ. ಆದರೆ ಇನ್ನು ಕೈಬಿಟ್ಟರೂ ಅವಳ ಆಟ ನೋಡಿದ ಮೇಲೆಯೇ ಕೈಬಿಡುತ್ತಾರೆ.

ಇದೆಲ್ಲ ಹೇಳುವ ಭರದಲ್ಲಿ ಫೈನಲ್ಲಿನ ಒಂದು ಮಾತು ಉಳಿಯಿತು.

ಹಸೀನಾ ಜಮಖಾನೆಯ ಕೆಲಸದಿಂದ ಊಟದ ಬಿಡುವಿನಲ್ಲಿ ಮೈದಾನಕ್ಕೆ ಬಂದಿದ್ದಳು. ಜತೆಗೆ ನೇಯುವ ಇನ್ನಿಬ್ಬರು ಹೆಂಗಸರು. ಮಗಳು ಒಳಗೆ ಬಂದದ್ದೇ ತಡ, ಹಗ್ಗದ ಈಚೆಯಿಂದ ಇವಳ ಬಾಯಿ ಸುರುವಾಯಿತು. ಕಂಬ ಬಿಡಬೇಡ, ಈಗ ಒಳಗೆ ಬಾ, ಅವಳ ಭುಜ ನೋಡು, ಭುಜ ತಿರುಗಿದ ಕಡೆಗೇ ಅವಳು ಹೋಗೋದು, ನೀನು ಅದರ ಉಲ್ಟಾ ಹೋಗು. ಸುಮ್ಮನೆ ಕೂಗುವ ತಾಯಿಯ ಮಾತಲ್ಲ. ಪ್ರತಿ ಮಾತೂ ಆಟಕ್ಕೆ ಸರಿಯಾದದ್ದು. ಹೊಸಮನಿ ಮಾಸ್ತರು ಮಗಳನ್ನು ಬಿಟ್ಟು ತಾಯಿಯನ್ನು ನೋಡತೊಡಗಿದರು.

"ಏನವಾ, ಇಷ್ಟೆಲ್ಲ ಖೋಖೋ ಎಲ್ಲಿ ಕಲ್ತಿ?"

ಹಸೀನಾ ಮೈದಾನದಿಂದ ಕಣ್ಣು ತೆಗೆಯದೆ ಹೇಳಿದಳು.

"ನಿಮ್ಮ ಕೈಯಾಗ್ರಿ ಸರ್. ನೀವು ಶಾಲಿಗೆ ಬಂದ ವರ್ಷ ನಾ ಎಂಟನೇ ಕ್ಲಾಸಿನ್ಯಾಗ ಇದ್ದೆ. ಮೂರ ವರ್ಷ ಪ್ರ್ಯಾಕ್ಟೀಸ್ ಮಾಡೇನಿ. ಟೀಮಿನ್ಯಾಗ ತಗೊಳ್ಳಲಿಲ್ಲ ಅಷ್ಟ. ನಾನೂ ಮುಸ್ಕಾನಂಗ ಗಿಡ್ಡಿ ಅಲ್ಲೇನ್ರಿ, ಮೊದಲ ಮೂರರಾಗ ಹೋಗಿ ಮೊದಲ ಔಟ್ ಆಗ್ತಿದ್ದೆ."

ಇಷ್ಟು ಹೇಳಿ ಮತ್ತೆ ಮಗಳಿಗೆ ಕೂಗಿದಳು. ದನಿಯಲ್ಲಿ ಸಿಟ್ಟಿಲ್ಲ, ದುಃಖವಿಲ್ಲ, ಮಗಳು ಇನ್ನೂ ಔಟಾಗಿಲ್ಲ ಎಂಬ ಸಂಭ್ರಮ ಮಾತ್ರ. ಮಾಸ್ತರು ಸಿಳ್ಳೆಯನ್ನು ಕಿಸೆಗೆ ಹಾಕಿಕೊಂಡರು. ನಾನು ಸ್ಟಾಪ್‌ವಾಚ್ ನೋಡುವವನ ಹಾಗೆ ಫೋನಿನ ಕಡೆ ತಲೆ ಬಗ್ಗಿಸಿದೆ.

ಮಗಳನ್ನು ಹದಿಮೂರರಿಂದ ಐದಕ್ಕೆ ತಂದೆವು ಎಂದು ಊರ ತುಂಬ ಬೆನ್ನು ತಟ್ಟಿಸಿಕೊಂಡೆವು, ತಾಯಿಯ ನಂಬರು ಎಷ್ಟಿತ್ತೋ ಯಾರಾದರೂ ಹೇಳುತ್ತೀರಾ?